ಸಕ್ಕರೆಯ ಸುಂಕ ಮತ್ತು ಸಾಗರದಾಚೆಯ ಸಾಮ್ರಾಜ್ಯ

ಪ್ರತಿ ವರ್ಷ ಫೆಬ್ರುವರಿಯಲ್ಲಿ ಕೇಂದ್ರದ ಮುಂಗಡಪತ್ರ ಮಂಡನೆಯಾದೊಡನೆ ನಮ್ಮ ವರ್ತಕ ಬಾಂಧವರು ಮೊದಲು ಹುಡುಕುವುದು ತಮ್ಮ ಸರಕಿನ ಸುಂಕದ ದರವನ್ನು. ದರ ಏರಿದರೆ ಚಿಂತೆ, ಇಳಿದರೆ ಸಮಾಧಾನ. ಆದರೆ ಸುಂಕದ ಪಟ್ಟಿಯ ಒಂದು ಸಾಲಿನ ಬದಲಾವಣೆ ಒಂದು ಸ್ವತಂತ್ರ ರಾಜ್ಯದ ಅಳಿವಿಗೆ ದಾರಿ ಮಾಡಿಕೊಟ್ಟ ಪ್ರಸಂಗವೂ ಇತಿಹಾಸದಲ್ಲಿದೆ. ಅಮೆರಿಕ ಸಂಯುಕ್ತ ಸಂಸ್ಥಾನವು ಸಾಗರದಾಚೆಗೆ ಕೈಚಾಚಿ ಸಾಮ್ರಾಜ್ಯ ಕಟ್ಟಿದ ಕಥೆಯನ್ನು ಸಾಮಾನ್ಯವಾಗಿ ಯುದ್ಧನೌಕೆಗಳ ಮೂಲಕ ಹೇಳಲಾಗುತ್ತದೆ. ವೃತ್ತಿಯ ಅಭ್ಯಾಸದಿಂದಲೋ ಏನೋ, ನಾನು ಅದನ್ನು ಜಮಾಖರ್ಚಿನ ಪುಸ್ತಕದ ಮೂಲಕ ಓದುತ್ತೇನೆ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, 19ನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳು ಸ್ವದೇಶದ ಬೇಡಿಕೆಯನ್ನು ಮೀರಿ ಉತ್ಪಾದಿಸುತ್ತಿವೆಯೆಂಬ ಭಾವನೆ ಬಲವಾಗಿತ್ತು. ವಲಸೆಗೆ ತೆರೆದಿದ್ದ ಪಶ್ಚಿಮದ ಗಡಿರೇಖೆ ಇನ್ನಿಲ್ಲವೆಂದು 1890ರ ಜನಗಣತಿ ಸಾರಿತು. ಅದೇ ವರ್ಷ ನೌಕಾಧಿಕಾರಿ ಆಲ್ಫ್ರೆಡ್ ಮಹಾನ್ ಅವರು ಸಮುದ್ರಬಲವೇ ರಾಷ್ಟ್ರಬಲವೆಂದು ಪ್ರತಿಪಾದಿಸುವ ಗ್ರಂಥವನ್ನು ಪ್ರಕಟಿಸಿದರು. 1893ರಲ್ಲಿ ಭೀಕರ ಆರ್ಥಿಕ ಕುಸಿತ ಬಂದೆರಗಿತು. ಹೊರಗಿನ ಮಾರುಕಟ್ಟೆ, ಹಡಗುಗಳಿಗೆ ಕಲ್ಲಿದ್ದಲು ತುಂಬಿಸಿಕೊಳ್ಳುವ ಬಂದರು, ಇವೆರಡೂ ಬೇಕೆಂಬ ಕೂಗು ಎದ್ದಿತು.

ಈಗ ಹವಾಯಿಗೆ ಬರೋಣ. ಅದು ಆಗ ತನ್ನದೇ ರಾಜವಂಶ ಹಾಗೂ ಸಂವಿಧಾನವಿದ್ದ ಸ್ವತಂತ್ರ ರಾಜ್ಯ. 1875ರ ಪರಸ್ಪರ ವ್ಯಾಪಾರ ಒಪ್ಪಂದದಂತೆ ಹವಾಯಿಯ ಸಕ್ಕರೆ ಸುಂಕವಿಲ್ಲದೆ ಅಮೆರಿಕವನ್ನು ಪ್ರವೇಶಿಸತೊಡಗಿತು. ಇತರ ದೇಶಗಳ ಸಕ್ಕರೆ ಸುಂಕ ತೆರಬೇಕಿತ್ತು. ಪರಿಣಾಮ ಊಹಿಸಬಹುದಾದುದೇ. 1875ರಲ್ಲಿ ಸುಮಾರು 2.5 ಕೋಟಿ ಪೌಂಡ್‌ನಷ್ಟಿದ್ದ ಸಕ್ಕರೆ ರಫ್ತು 1890ರ ವೇಳೆಗೆ ಹತ್ತು ಪಟ್ಟು ಬೆಳೆಯಿತು. ಬಂಡವಾಳ, ಭೂಮಿ, ನೀರು, ಹೊರದೇಶಗಳಿಂದ ಕರಾರಿನ ಮೇಲೆ ತಂದ ಕೂಲಿಗಳು, ಎಲ್ಲವೂ ಒಂದೇ ಬೆಳೆಗೆ, ಒಬ್ಬನೇ ಗಿರಾಕಿಗೆ ಮುಡಿಪಾದವು. ಒಪ್ಪಂದವನ್ನು 1887ರಲ್ಲಿ ನವೀಕರಿಸಿದಾಗ ಪರ್ಲ್ ಹಾರ್ಬರ್ ಬಂದರಿನ ಏಕಮಾತ್ರ ಹಕ್ಕನ್ನು ಅಮೆರಿಕ ಪಡೆದುಕೊಂಡಿತು. ರಿಯಾಯಿತಿಗೂ ಒಂದು ಬೆಲೆಯಿತ್ತು.

1890ರಲ್ಲಿ ಬಂದ ಮ್ಯಾಕಿನ್ಲಿ ಸುಂಕ ಕಾಯಿದೆ ಎಲ್ಲ ದೇಶಗಳ ಕಚ್ಚಾ ಸಕ್ಕರೆಯ ಸುಂಕವನ್ನೂ ತೆಗೆದುಹಾಕಿತು. ಜೊತೆಗೆ ಅಮೆರಿಕದೊಳಗಿನ ಉತ್ಪಾದಕರಿಗೆ ಪೌಂಡಿಗೆ 2 ಸೆಂಟ್ ಪ್ರೋತ್ಸಾಹಧನ ನೀಡಿತು. ಹವಾಯಿಯ ಸಕ್ಕರೆಗೆ ಹೊಸ ತೆರಿಗೆಯೇನೂ ಬೀಳಲಿಲ್ಲ. ಇತರರಿಗೆ ಇಲ್ಲದಿದ್ದ ಅನುಕೂಲವಷ್ಟೇ ಮಾಯವಾಯಿತು, ಅಷ್ಟಕ್ಕೇ ಲಾಭ ಕರಗಿಹೋಯಿತು. ವಿನಾಯಿತಿಯೊಂದನ್ನೇ ನಂಬಿ ಘಟಕ ಹಾಕಿ, ಅದು ರದ್ದಾದ ವರ್ಷ ಬ್ಯಾಂಕಿನ ಬಡ್ಡಿ ಕಟ್ಟಲಾಗದೆ ಲೆಕ್ಕಪತ್ರಗಳನ್ನು ನನ್ನ ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತವರನ್ನು ಕಂಡಿರುವುದರಿಂದ, ಆ ತೋಟದ ಮಾಲೀಕರ ಆತಂಕ ನನಗೆ ಅರ್ಥವಾಗುತ್ತದೆ. ಅವರಲ್ಲಿ ಕೆಲವರು ಕಂಡುಕೊಂಡ ಪರಿಹಾರವನ್ನು ಮಾತ್ರ ಒಪ್ಪಲಾಗದು. ಅಮೆರಿಕದ ಭಾಗವೇ ಆಗಿಬಿಟ್ಟರೆ ಪ್ರೋತ್ಸಾಹಧನ ತಮಗೂ ದೊರೆಯುವುದೆಂದು ಅವರು ಲೆಕ್ಕ ಹಾಕಿದರು.

1893ರ ಜನವರಿಯಲ್ಲಿ ರಾಣಿ ಲಿಲಿಯುಒಕಲಾನಿ ಅರಸೊತ್ತಿಗೆಯ ಅಧಿಕಾರವನ್ನು ಮರಳಿಸುವ ಹೊಸ ಸಂವಿಧಾನಕ್ಕೆ ಮುಂದಾದಾಗ ಅದೇ ನೆಪವಾಯಿತು. ಅಮೆರಿಕದ ರಾಜಪ್ರತಿನಿಧಿ ಜಾನ್ ಸ್ಟೀವನ್ಸ್ ಅವರ ಕೋರಿಕೆಯಂತೆ ಬಾಸ್ಟನ್ ಎಂಬ ಯುದ್ಧನೌಕೆಯಿಂದ 162 ಮಂದಿ ಸೈನಿಕರು ದಡಕ್ಕಿಳಿದರು. ಮರುದಿನ, ಜನವರಿ 17ರಂದು, ರಾಣಿಯ ಆಳ್ವಿಕೆ ಕೊನೆಗೊಂಡಿತು. ಅಧ್ಯಕ್ಷ ಕ್ಲೀವ್‌ಲೆಂಡ್ ವಿಲೀನದ ಒಪ್ಪಂದವನ್ನು ಹಿಂದಕ್ಕೆ ಪಡೆದರೂ ರಾಣಿಗೆ ಸಿಂಹಾಸನ ಮರಳಲಿಲ್ಲ. 1897ರಲ್ಲಿ ವಿಲೀನವನ್ನು ವಿರೋಧಿಸಿ 21,000ಕ್ಕೂ ಹೆಚ್ಚು ಹವಾಯಿ ಮೂಲನಿವಾಸಿಗಳು ಸಹಿ ಹಾಕಿದ ಮನವಿ ವಾಷಿಂಗ್ಟನ್ ತಲುಪಿತು. ಒಪ್ಪಂದಕ್ಕೆ ಬೇಕಾದ ಮೂರನೇ ಎರಡರಷ್ಟು ಬೆಂಬಲ ಸೆನೆಟ್‌ನಲ್ಲಿ ಖಚಿತವಾಗದ ಕಾರಣ, ಸರಳ ಬಹುಮತ ಸಾಕಾಗುವ ಜಂಟಿ ನಿರ್ಣಯದ ದಾರಿ ಹಿಡಿದು 1898ರ ಜುಲೈನಲ್ಲಿ ವಿಲೀನ ಮಾಡಲಾಯಿತು. ಸಹಿ ಹಾಕಿದ ಅಧ್ಯಕ್ಷರು, ಅಂದು ಸುಂಕದ ಕಾಯಿದೆಗೆ ಹೆಸರು ಕೊಟ್ಟ ಅದೇ ಮ್ಯಾಕಿನ್ಲಿ.

ಸಕ್ಕರೆಯೊಂದೇ ಇದಕ್ಕೆಲ್ಲ ಕಾರಣವೆಂದರೆ ಅತಿಶಯೋಕ್ತಿಯಾದೀತು. ಸಕ್ಕರೆ ಉದ್ಯಮದ ದೊಡ್ಡ ಕುಳ ಕ್ಲಾಸ್ ಸ್ಪ್ರೆಕಲ್ಸ್ ಅವರೇ ವಿಲೀನಕ್ಕೆ ವಿರುದ್ಧವಾಗಿದ್ದರು. ಅಮೆರಿಕದ ಕಾನೂನು ಬಂದರೆ ಕರಾರಿನ ಕೂಲಿಗಳು ಸಿಗಲಾರರೆಂಬ ಅಳುಕು ಹಲವು ಮಾಲೀಕರಿಗಿತ್ತು. ಕೊನೆಯ ಹಂತದಲ್ಲಿ ತಕ್ಕಡಿಯನ್ನು ವಾಲಿಸಿದ್ದು ಸ್ಪೇನ್ ವಿರುದ್ಧದ ಯುದ್ಧ.

ಆ ಯುದ್ಧದ ಬೇರಿನಲ್ಲಿಯೂ ಸುಂಕವಿದೆ. 1894ರ ಕಾಯಿದೆ ಸಕ್ಕರೆಯ ಮೇಲೆ ಶೇ. 40 ಸುಂಕವನ್ನು ಮತ್ತೆ ಹೇರಿದಾಗ, ಸ್ಪೇನಿನ ವಸಾಹತಾಗಿದ್ದ ಕ್ಯೂಬಾದ ಸಕ್ಕರೆ ವ್ಯಾಪಾರ ಕುಸಿಯಿತು. 1895ರಲ್ಲಿ ಅಲ್ಲಿ ದಂಗೆ ಭುಗಿಲೆದ್ದಿತು. 1898ರಲ್ಲಿ ಅಮೆರಿಕ ಯುದ್ಧಕ್ಕಿಳಿದು ಕೆಲವೇ ತಿಂಗಳುಗಳಲ್ಲಿ ಗೆದ್ದಿತು. ಪೋರ್ಟೊರಿಕೊ ಮತ್ತು ಗುವಾಮ್ ಅದರ ವಶವಾದವು. ಫಿಲಿಪೈನ್ಸ್‌ಗಾಗಿ ಸ್ಪೇನಿಗೆ 2 ಕೋಟಿ ಡಾಲರ್ ಸಂದಾಯವಾಯಿತು. ಖರೀದಿ ಅಗ್ಗವೆಂದು ತೋರಿದರೂ ಸ್ವಾತಂತ್ರ್ಯ ಬಯಸಿದ ಫಿಲಿಪಿನೊ ಜನರೊಡನೆ 1899ರಿಂದ 1902ರವರೆಗೆ ನಡೆದ ಯುದ್ಧಕ್ಕೆ ಅದರ ಹಲವು ಪಟ್ಟು ವೆಚ್ಚವಾಯಿತು. 4,200ಕ್ಕೂ ಹೆಚ್ಚು ಅಮೆರಿಕನ್ ಸೈನಿಕರೂ, ಕ್ಷಾಮ ಮತ್ತು ರೋಗಗಳೂ ಸೇರಿ ಲಕ್ಷಾಂತರ ಫಿಲಿಪಿನೊ ನಾಗರಿಕರೂ ಸತ್ತರು. ಇವರನ್ನು ಯಾವ ಆಸ್ತಿ-ಹೊಣೆ ಪಟ್ಟಿಯಲ್ಲೂ ತೋರಿಸಲಿಲ್ಲ.

ಸಾಮ್ರಾಜ್ಯ ಬಂದಮೇಲೆ ಕಾನೂನಿನ ಪ್ರಶ್ನೆ ಎದ್ದಿತು. ಅದೂ ಸುಂಕದ ಕಟ್ಟೆಯಲ್ಲೇ. 1900ರ ನವೆಂಬರ್‌ನಲ್ಲಿ ಡೌನ್ಸ್ ಎಂಬ ವ್ಯಾಪಾರಿ ಸಂಸ್ಥೆ ಪೋರ್ಟೊರಿಕೊದಿಂದ ನ್ಯೂಯಾರ್ಕಿಗೆ ಕಿತ್ತಳೆ ತರಿಸಿತು. ಸುಂಕಾಧಿಕಾರಿ ಕೇಳಿದ 659 ಡಾಲರ್ 35 ಸೆಂಟ್‌ಗಳನ್ನು, ನಾವು ಇಂದಿಗೂ ಮಾಡುವಂತೆ, ಆಕ್ಷೇಪ ದಾಖಲಿಸಿ ಪಾವತಿಸಿತು. ಸಂಸ್ಥೆಯ ವಾದ ಸರಳ: ಸಂವಿಧಾನದಂತೆ ದೇಶದಾದ್ಯಂತ ಸುಂಕ ಏಕರೂಪವಾಗಿರಬೇಕು, ಪೋರ್ಟೊರಿಕೊ ಈಗ ದೇಶದೊಳಗಿದೆ, ಆದ್ದರಿಂದ ಹಣ ಮರಳಿಸಿ. ಸರ್ವೋಚ್ಚ ನ್ಯಾಯಾಲಯ 1901ರ ಮೇ ತಿಂಗಳಲ್ಲಿ 5-4ರ ಬಹುಮತದಿಂದ ವಾದವನ್ನು ತಳ್ಳಿಹಾಕಿತು. ಪೋರ್ಟೊರಿಕೊ ಅಮೆರಿಕಕ್ಕೆ ಸೇರಿದ ಸ್ವತ್ತು. ಆದರೆ ಸುಂಕದ ವಿಧಿಯ ಮಟ್ಟಿಗೆ ಅಮೆರಿಕದ ಅಂಗವಲ್ಲ! ಎರಡೇ ತಿಂಗಳಲ್ಲಿ, ಜುಲೈನಲ್ಲಿ, ಆ ಸುಂಕವೇ ರದ್ದಾಯಿತು. ತೀರ್ಪು ಉಳಿಯಿತು. 1917ರಲ್ಲಿ ಪೋರ್ಟೊರಿಕೊ ಜನರಿಗೆ ಪೌರತ್ವ ದೊರೆತರೂ ದ್ವೀಪದಲ್ಲಿ ವಾಸಿಸುವವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಇಂದಿಗೂ ಮತವಿಲ್ಲ.

ಫಿಲಿಪೈನ್ಸ್ ಬಿಡುಗಡೆಗೆ ದಾರಿ ತೆರೆದ 1934ರ ಕಾಯಿದೆಯ ಬೆಂಬಲಿಗರಲ್ಲಿ ಅಮೆರಿಕದ ಸಕ್ಕರೆ ಹಾಗೂ ಹೈನು ಉದ್ಯಮದವರು ಮುಂಚೂಣಿಯಲ್ಲಿದ್ದರು. ಅಲ್ಲಿಂದ ಸುಂಕವಿಲ್ಲದೆ ಬರುತ್ತಿದ್ದ ಸಕ್ಕರೆ ಮತ್ತು ಕೊಬ್ಬರಿ ಎಣ್ಣೆಯನ್ನು ತಡೆಯಲು ಆ ದೇಶವನ್ನು ಪರದೇಶವಾಗಿಸುವುದೇ ಉಪಾಯವೆಂದು ಅವರು ಕಂಡುಕೊಂಡಿದ್ದರು. 1946ರಲ್ಲಿ ಸ್ವಾತಂತ್ರ್ಯ ಬಂದಿತು. ಪೋರ್ಟೊರಿಕೊದ್ದು ಇನ್ನೊಂದು ಬಗೆ. 1976ರ ತೆರಿಗೆ ರಿಯಾಯಿತಿಯನ್ನು ನೆಚ್ಚಿ ಔಷಧ ಕಾರ್ಖಾನೆಗಳು ಅಲ್ಲಿ ಬೆಳೆದವು. ಅದನ್ನು 1996ರಿಂದ ಹತ್ತು ವರ್ಷಗಳಲ್ಲಿ ಹಂತಹಂತವಾಗಿ ಹಿಂತೆಗೆಯಲಾಯಿತು. ಮುಂದೆ ಆರ್ಥಿಕತೆ ಕುಗ್ಗಿ, 7,000 ಕೋಟಿ ಡಾಲರ್‌ಗೂ ಮೀರಿದ ಸಾಲದ ಹೊರೆಯೊಡನೆ ದ್ವೀಪದ ಸರ್ಕಾರ 2017ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು.

ರಾಣಿಯ ಪದಚ್ಯುತಿಗಾಗಿ ಅಮೆರಿಕದ ಕಾಂಗ್ರೆಸ್ 1993ರಲ್ಲಿ, ನೂರು ವರ್ಷಗಳ ಬಳಿಕ, ವಿಧ್ಯುಕ್ತವಾಗಿ ಕ್ಷಮೆ ಕೋರಿತು. ಹವಾಯಿಯ ಕಟ್ಟಕಡೆಯ ಸಕ್ಕರೆ ಕಾರ್ಖಾನೆ ನಷ್ಟ ತಾಳಲಾರದೆ 2016ರ ಡಿಸೆಂಬರ್‌ನಲ್ಲಿ ಕೊನೆಯ ಬಾರಿ ಕಬ್ಬು ಅರೆದು ಬಾಗಿಲು ಮುಚ್ಚಿತು.