ಪ್ಲಾಸ್ಟಿಕ್ಕನ್ನು ಅರಗಿಸಿಕೊಳ್ಳುವ ಜೀವಿ

ಮರದಿಂದ ಉದುರಿದ ಎಲೆ ಕಾಲಕ್ರಮದಲ್ಲಿ ಮಣ್ಣಾಗುತ್ತದೆ. ತಿಪ್ಪೆಗೆ ಸುರಿದ ಸೆಗಣಿ, ಕಸಕಡ್ಡಿಗಳು ಗೊಬ್ಬರವಾಗಿ ಮರಳಿ ಹೊಲ ಸೇರುತ್ತವೆ. ಈ ಮಾರ್ಪಾಟಿನ ಹಿಂದೆ ಬರಿಗಣ್ಣಿಗೆ ಕಾಣದ ಅಸಂಖ್ಯಾತ ಬ್ಯಾಕ್ಟೀರಿಯಗಳ ಹಾಗೂ ಶಿಲೀಂಧ್ರಗಳ ದುಡಿಮೆಯಿದೆ. ಅವು ಇಲ್ಲದಿದ್ದರೆ ಭೂಮಿಯು ಸತ್ತ ವಸ್ತುಗಳ ರಾಶಿಯಿಂದ ಎಂದೋ ಮುಚ್ಚಿಹೋಗುತ್ತಿತ್ತು.

ಆದರೆ ಅದೇ ತಿಪ್ಪೆಗೆ ಎಸೆದ ಪ್ಲಾಸ್ಟಿಕ್ ಬಾಟಲಿ ವರ್ಷಗಳು ಕಳೆದರೂ ಹಾಗೆಯೇ ಉಳಿಯುತ್ತದೆ. ಇದಕ್ಕೆ ಕಾರಣವೇನು? ಎಲೆ, ಕಡ್ಡಿಗಳು ಸೂಕ್ಷ್ಮಜೀವಿಗಳಿಗೆ ಕೋಟ್ಯಂತರ ವರ್ಷಗಳಿಂದ ಪರಿಚಿತವಾದ ಆಹಾರ. ಪ್ಲಾಸ್ಟಿಕ್ ಹಾಗಲ್ಲ, ಅದು ಮನುಷ್ಯನ ಸೃಷ್ಟಿ. ನೀರಿನ ಬಾಟಲಿಗಳಿಗೆ ಬಳಸುವ ‘ಪೆಟ್’ ಎಂಬ ಪ್ಲಾಸ್ಟಿಕ್ಕನ್ನು ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನವಿಜ್ಞಾನಿಗಳು ಕಂಡುಹಿಡಿದದ್ದು 1941ರಲ್ಲಿ. ಅದರ ಅಣುಗಳು ಸರಪಳಿಯ ಕೊಂಡಿಗಳಂತೆ ಉದ್ದುದ್ದಕ್ಕೆ ಬೆಸೆದುಕೊಂಡಿವೆ. ಆ ಕೊಂಡಿಗಳನ್ನು ಕಳಚುವ ಶಕ್ತಿ ಬಹುಪಾಲು ಸೂಕ್ಷ್ಮಜೀವಿಗಳಿಗಿಲ್ಲ.

ಹಾಗಾದರೆ ಆ ಶಕ್ತಿಯುಳ್ಳ ಜೀವಿ ಒಂದೂ ಇಲ್ಲವೆ? ಜಪಾನಿನ ವಿಜ್ಞಾನಿಗಳು ಈ ಪ್ರಶ್ನೆಗೆ ಉತ್ತರವನ್ನು ಕಸದಲ್ಲಿಯೇ ಹುಡುಕಿದರು. ಸಕಾಯಿ ನಗರದ ಬಾಟಲಿ ಮರುಬಳಕೆಯ ಸ್ಥಳದಿಂದ ಮಣ್ಣು, ಕೆಸರು, ಕೊಳಚೆನೀರುಗಳ 250 ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಅವುಗಳಲ್ಲಿ ಒಂದರಲ್ಲಿ ಪೆಟ್ಟನ್ನೇ ಆಹಾರವಾಗಿಸಿಕೊಂಡ ಬ್ಯಾಕ್ಟೀರಿಯ ದೊರೆಯಿತು. 2016ರಲ್ಲಿ ಈ ಸಂಗತಿ ಪ್ರಕಟವಾಯಿತು. ಊರಿನ ಹೆಸರನ್ನೇ ಸೇರಿಸಿ ಅದನ್ನು ‘ಐಡಿಯೊನೆಲ್ಲ ಸಕಾಯೆನ್ಸಿಸ್’ ಎಂದು ಕರೆದರು.

ಈ ಜೀವಿಯ ಕಾರ್ಯವಿಧಾನ ಕುತೂಹಲಕರವಾದುದು. ಅದು ಪ್ಲಾಸ್ಟಿಕ್ಕಿನ ಮೇಲ್ಮೈಗೆ ಅಂಟಿಕೊಂಡು ಒಂದು ಕಿಣ್ವವನ್ನು ಸ್ರವಿಸುತ್ತದೆ. ಆ ಕಿಣ್ವ ಸರಪಳಿಯನ್ನು ತುಂಡರಿಸುತ್ತದೆ. ಎರಡನೆಯ ಕಿಣ್ವವು ಆ ತುಂಡುಗಳನ್ನು ಮತ್ತಷ್ಟು ಒಡೆದು, ಪೆಟ್ ತಯಾರಿಕೆಯ ಮೂಲದ್ರವ್ಯಗಳನ್ನಾಗಿ ಮಾಡುತ್ತದೆ. ಬ್ಯಾಕ್ಟೀರಿಯ ಅವುಗಳಿಂದ ಪೋಷಣೆ ಪಡೆಯುತ್ತದೆ. ಆದರೆ ತೆಳುವಾದ ಒಂದು ಹಾಳೆಯನ್ನು ಕರಗಿಸಲು ಅದಕ್ಕೆ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು ಆರು ವಾರ ಬೇಕಾಯಿತು. ಗಟ್ಟಿಯಾದ ಬಾಟಲಿ ಇನ್ನೂ ಕಠಿಣ. ಪಾಲಿಥೀನ್ ಚೀಲವಂತೂ ಬೇರೆಯೇ ಬಗೆಯ ರಚನೆಯುಳ್ಳದ್ದು.

ಇನ್ನೊಂದು ಕಿಣ್ವದ ಸುಳಿವು ಎಲೆಗೊಬ್ಬರದಲ್ಲಿಯೇ ಅಡಗಿತ್ತು. ಎಲೆಯ ಹೊರಪದರವನ್ನು ಒಡೆಯುವ ಕಿಣ್ವವೊಂದು ಪೆಟ್ಟನ್ನೂ ಒಡೆಯಬಲ್ಲದೆಂಬುದನ್ನು 2012ರಲ್ಲಿ ಜಪಾನಿನಲ್ಲಿ ಕಂಡುಕೊಂಡಿದ್ದರು. ಫ್ರಾನ್ಸಿನ ವಿಜ್ಞಾನಿಗಳು ಅದನ್ನು ಮಾರ್ಪಡಿಸಿ, ಸಂಸ್ಕರಿಸಿದ ಬಾಟಲಿ ಕಸದ ಶೇಕಡಾ 90ರಷ್ಟನ್ನು 72 ಡಿಗ್ರಿ ಉಷ್ಣತೆಯಲ್ಲಿ ಹತ್ತೇ ಗಂಟೆಗಳಲ್ಲಿ ಒಡೆದು ತೋರಿಸಿದರು. 2020ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ, ದೊರೆತ ದ್ರವ್ಯದಿಂದ ಹೊಸ ಬಾಟಲಿಗಳನ್ನೇ ತಯಾರಿಸಲಾಯಿತು.

ಇದನ್ನು ಕೇಳಿ ನಾವು ನಿಶ್ಚಿಂತರಾಗಬಹುದೆ? ಕಿಣ್ವವು ತನ್ನ ಕೆಲಸ ಮಾಡುವುದು ಕಾರ್ಖಾನೆಯ ಪಾತ್ರೆಯೊಳಗೆ. ಕೆರೆಯ ಅಂಗಳದಲ್ಲಿ, ಚರಂಡಿಯಲ್ಲಿ ಎಸೆದ ಬಾಟಲಿಯನ್ನು ಅದು ಅರಸಿಕೊಂಡು ಬರಲಾರದು. ಕಸವನ್ನು ಬೇರ್ಪಡಿಸಿ, ಒಂದೆಡೆ ಕೂಡಿಸಿ ಕೊಟ್ಟರೆ ಮಾತ್ರ ವಿಜ್ಞಾನದ ಈ ಸಾಧನೆ ಸಾರ್ಥಕ. ಬೇಡದ ಪ್ಲಾಸ್ಟಿಕ್ಕನ್ನು ಕೊಳ್ಳದಿರುವುದು ಅದಕ್ಕಿಂತಲೂ ಮಿಗಿಲು. ಅದಕ್ಕೆ ಪ್ರಯೋಗಾಲಯದ ಅಗತ್ಯವಿಲ್ಲ, ವಿವೇಕವೊಂದಿದ್ದರೆ ಸಾಕು.