ಸರಾಸರಿಯೂ ಕೊನೆಯ ಎಸೆತವೂ: ವಯಸ್ಸಾದ ಆಟಗಾರನ ಸುತ್ತ ತಂಡವನ್ನು ಕಟ್ಟಬಹುದೆ?

ಹತ್ತು ಹದಿನೈದು ವರ್ಷಗಳ ಕಾಲ ಒಂದು ತಂಡದ ಭಾರವನ್ನು ಹೊತ್ತು, ಅದಕ್ಕೆ ಗೆಲುವನ್ನು ತಂದಿತ್ತ ಆಟಗಾರನೊಬ್ಬನಿಗೆ ವಯಸ್ಸಾಗುತ್ತ ಬಂದಿದೆಯೆಂದು ಇಟ್ಟುಕೊಳ್ಳೋಣ. ಅವನನ್ನೇ ಇನ್ನೂ ನಡುಗಂಬವಾಗಿ ನಿಲ್ಲಿಸಿ ಉಳಿದವರನ್ನು ಅವನ ಸುತ್ತ ಜೋಡಿಸಬೇಕೆ? ಅಥವಾ ಭಾರವನ್ನು ಬೇರೆ ಹೆಗಲುಗಳಿಗೆ ಹಂಚಬೇಕೆ? ಅಭಿಮಾನಿಗಳ ಉತ್ತರ ಪ್ರೀತಿಯಿಂದ ಹುಟ್ಟುವುದು. ತಂಡದ ಒಡೆಯರ ಉತ್ತರ ಅನೇಕ ವೇಳೆ ಟಿಕೆಟ್ಟಿನ ಆದಾಯದಿಂದ ಹುಟ್ಟುವುದು. ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಈ ಪ್ರಶ್ನೆಯನ್ನು ಅಳತೆಗೆ ಒಳಪಡಿಸಲು ಸಾಧ್ಯವೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಇಂಥ ವಿಚಾರಕ್ಕೆ ಬ್ಯಾಸ್ಕೆಟ್‌ಬಾಲ್ ಬಹಳ ಅನುಕೂಲವಾದ ಆಟ. ಅಮೆರಿಕದ ವೃತ್ತಿಪರ ಪಂದ್ಯಗಳಲ್ಲಿ ಚೆಂಡನ್ನು ಪಡೆದ ತಂಡ 24 ಸೆಕೆಂಡುಗಳೊಳಗಾಗಿ ಅದನ್ನು 3.05 ಮೀಟರ್ ಎತ್ತರದಲ್ಲಿರುವ ಬಳೆಯ ಕಡೆಗೆ ಎಸೆಯಲೇಬೇಕು. 48 ನಿಮಿಷಗಳ ಆಟದಲ್ಲಿ ಇಂಥ ಅವಕಾಶಗಳು ಒಂದು ತಂಡಕ್ಕೆ ಸುಮಾರು ನೂರು ಮಾತ್ರ ದೊರೆಯುತ್ತವೆ. ಈ ನೂರನ್ನು ಐವರಲ್ಲಿ ಹೇಗೆ ಹಂಚಬೇಕು ಎಂಬುದೇ ತಂಡ ಕಟ್ಟುವವನ ಮುಂದಿರುವ ಮುಖ್ಯ ಲೆಕ್ಕ.

ಒಬ್ಬನೇ ಆಟಗಾರ, ಎರಡು ಪಂದ್ಯಗಳು

ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಕೋಬಿ ಬ್ರಯಂಟ್ 1978ರಲ್ಲಿ ಜನಿಸಿದವನು. 2006ರ ಜನವರಿ 22ರಂದು ಟೊರಾಂಟೊ ತಂಡದ ವಿರುದ್ಧ ಆತ ಒಬ್ಬನೇ 81 ಅಂಕಗಳನ್ನು ಗಳಿಸಿದನು. ಆಗ ಆತನಿಗೆ 27 ವರ್ಷ. 2016ರ ಏಪ್ರಿಲ್ 13ರಂದು, ತನ್ನ ಜೀವನದ ಕಟ್ಟಕಡೆಯ ಪಂದ್ಯದಲ್ಲಿ, 37ನೆಯ ವಯಸ್ಸಿನಲ್ಲಿ, ಯೂಟಾ ತಂಡದ ವಿರುದ್ಧ 60 ಅಂಕಗಳನ್ನು ಗಳಿಸಿ ತಂಡವನ್ನು ಗೆಲ್ಲಿಸಿದನು. ಎರಡೂ ಅಚ್ಚರಿಯ ಸಾಧನೆಗಳೇ. ಆದರೆ ಎಷ್ಟು ಅವಕಾಶಗಳನ್ನು ಬಳಸಿ ಈ ಅಂಕಗಳು ಬಂದವು?

ಇದನ್ನು ತಿಳಿಯಲು ಒಂದು ಸರಳ ಸೂತ್ರವುಂಟು. ಆಟಗಾರನ ಎಸೆತಗಳ ಸಂಖ್ಯೆಗೆ ಅವನ ಫ್ರೀ ಥ್ರೋಗಳ ಸಂಖ್ಯೆಯ 0.44ರಷ್ಟನ್ನು ಕೂಡಿಸಬೇಕು. ಫ್ರೀ ಥ್ರೋ ಎಂದರೆ ಎದುರಾಳಿಯ ತಪ್ಪಿಗಾಗಿ ಯಾರ ಅಡ್ಡಿಯೂ ಇಲ್ಲದೆ ಎಸೆಯಲು ದೊರೆಯುವ ಅವಕಾಶ. ಇವು ಬಹುಮಟ್ಟಿಗೆ ಜೋಡಿಯಾಗಿ ಬರುತ್ತವೆಯಾದರೂ, ಕೆಲವು ಸಲ ಗುರಿ ಮುಟ್ಟಿದ ಎಸೆತದ ಬೆನ್ನಿಗೆ ಒಂಟಿಯಾಗಿಯೂ ಬರುತ್ತವೆ. ಆದುದರಿಂದಲೇ ಅರ್ಧಕ್ಕಿಂತ ಸ್ವಲ್ಪ ಕಡಿಮೆಯಾದ ಈ ಗುಣಕ. 2006ರ ಆ ಪಂದ್ಯದಲ್ಲಿ ಬ್ರಯಂಟ್ 46 ಎಸೆತಗಳನ್ನೂ 20 ಫ್ರೀ ಥ್ರೋಗಳನ್ನೂ ಎಸೆದಿದ್ದನು. ಎಂದರೆ ಸುಮಾರು 55 ಅವಕಾಶಗಳು. 2016ರಲ್ಲಿ 50 ಎಸೆತಗಳು, 12 ಫ್ರೀ ಥ್ರೋಗಳು. ಮತ್ತೆ ಸುಮಾರು 55! ಅವಕಾಶಗಳು ಸಮ, ಫಲ ಮೊದಲ ಸಲ 81, ಎರಡನೆಯ ಸಲ 60. ಅವಕಾಶವೊಂದಕ್ಕೆ 1.48 ಅಂಕ ದೊರೆತಲ್ಲಿ ಹತ್ತು ವರ್ಷಗಳ ತರುವಾಯ 1.09 ದೊರೆಯಿತು.

ಇವೆರಡೂ ಆತನ ಅತ್ಯುತ್ತಮ ದಿನಗಳು. ಇಡೀ ಸಾಲಿನ ಲೆಕ್ಕವನ್ನು ತೆಗೆದರೆ ಚಿತ್ರ ಇನ್ನೂ ಸ್ಪಷ್ಟವಾಗುವುದು. 2005-06ರಲ್ಲಿ ಆತನ ಫಲ ಅವಕಾಶವೊಂದಕ್ಕೆ ಸುಮಾರು 1.12 ಅಂಕ, ಎಲ್ಲ ತಂಡಗಳ ಸರಾಸರಿ 1.07. 2015-16ರಲ್ಲಿ ಆತನದು 0.94, ಸರಾಸರಿ 1.08. ಸರಾಸರಿಗಿಂತ ಮೇಲಿದ್ದವನು ಸರಾಸರಿಗಿಂತ ಬಹಳ ಕೆಳಗಿಳಿದಿದ್ದನು. ಹಾಗಿದ್ದರೂ ಆ ಸಾಲಿನಲ್ಲಿ ಲೇಕರ್ಸ್ ಪರವಾಗಿ ಪಂದ್ಯವೊಂದಕ್ಕೆ ಅತಿ ಹೆಚ್ಚು ಬಾರಿ ಬಳೆಯತ್ತ ಎಸೆದವನು ಆತನೇ. ಆ ತಂಡ 82 ಪಂದ್ಯಗಳಲ್ಲಿ 17ನ್ನು ಮಾತ್ರ ಗೆದ್ದಿತು.

ಜಿಗಿತದ ಲೆಕ್ಕ

ಇಳಿತಕ್ಕೆ ಕಾರಣವೇನು? ಗುರಿಯ ಕೌಶಲ ಬೇಗನೆ ಮಾಸುವುದಿಲ್ಲ. ಮೊದಲು ಕುಗ್ಗುವುದು ಕ್ಷಿಪ್ರವಾಗಿ ಸಂಕುಚಿಸುವ ಸ್ನಾಯುತಂತುಗಳ ಬಲ. ಅದರೊಡನೆ ನೆಲದಿಂದ ಮೇಲಕ್ಕೆ ಚಿಮ್ಮುವ ವೇಗ.

ನೆಲ ಬಿಡುವ ವೇಗ v ಆದರೆ ಜಿಗಿತದ ಎತ್ತರ v²/2g ಎಂಬುದು ನಿಮಗೆ ತಿಳಿದದ್ದೇ. 70 ಸೆಂಟಿಮೀಟರ್ ಜಿಗಿಯಬಲ್ಲವನ ವೇಗ ಸೆಕೆಂಡಿಗೆ 3.7 ಮೀಟರ್, ಆತ ಗಾಳಿಯಲ್ಲಿರುವ ಕಾಲ 0.76 ಸೆಕೆಂಡ್. ಎತ್ತರ ವೇಗದ ವರ್ಗವನ್ನು ಅನುಸರಿಸುವುದರಿಂದ, ವೇಗ ನೂರಕ್ಕೆ 11ರಷ್ಟು ತಗ್ಗಿದರೆ ಎತ್ತರ ನೂರಕ್ಕೆ 21ರಷ್ಟು ತಗ್ಗಿ 55 ಸೆಂಟಿಮೀಟರಿಗೆ ಇಳಿಯುವುದು. ಗಾಳಿಯಲ್ಲಿರುವ ಕಾಲ 0.67 ಸೆಕೆಂಡ್ ಆಗುವುದು. ಕಳೆದುಹೋದದ್ದು 0.09 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಏನಾದೀತು? ತಡೆಯಲು ಬಂದವನ ಕೈ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಮೇಲೇರುತ್ತಿದ್ದರೆ ಈ ಅವಧಿಯಲ್ಲಿ ಅದು 27 ಸೆಂಟಿಮೀಟರ್ ಸಾಗುತ್ತದೆ. ಚೆಂಡಿನ ವ್ಯಾಸ ಸುಮಾರು 24 ಸೆಂಟಿಮೀಟರ್. ನಿನ್ನೆ ಬೆರಳಿಗೆ ಎಟುಕದಿದ್ದ ಚೆಂಡು ಇಂದು ಅಂಗೈಗೆ ಸಿಕ್ಕುವುದಕ್ಕೆ ಇಷ್ಟು ಸಾಕು.

ಬ್ರಯಂಟನ ವಿಷಯದಲ್ಲಿ ಪೆಟ್ಟೂ ಸೇರಿಕೊಂಡಿತು. 2012-13ರಲ್ಲಿ, 34ನೆಯ ವಯಸ್ಸಿನಲ್ಲಿಯೂ, ಆತ ಪಂದ್ಯಕ್ಕೆ ಸರಾಸರಿ 27.3 ಅಂಕ ಗಳಿಸುತ್ತಿದ್ದನು. 2013ರ ಏಪ್ರಿಲ್ 12ರಂದು ಆತನ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಮೀನಖಂಡದ ಬಲವನ್ನು ಪಾದಕ್ಕೆ ಒಯ್ಯುವುದೂ, ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟು ಮರಳಿಸುವುದೂ ಈ ರಜ್ಜುವೇ. ಅದು ಹರಿದ ಮೇಲೂ ಆತ ಎರಡು ಫ್ರೀ ಥ್ರೋಗಳನ್ನು ಎಸೆದು, ಎರಡನ್ನೂ ಬಳೆಯೊಳಗೆ ಹಾಕಿ ಹೊರನಡೆದನು. ಜಿಗಿತ ಬೇಡದ ಎಸೆತಕ್ಕೆ ಕೌಶಲವೊಂದೇ ಸಾಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಸರಾಸರಿಯ ಮೋಸ

ಈಗ ನಮ್ಮ ವಿಚಾರದ ತಿರುಳಿಗೆ ಬರೋಣ. "ಅವನು ಉಳಿದವರಿಗಿಂತ ಇನ್ನೂ ಉತ್ತಮನಾಗಿದ್ದಾನೆ, ಆದುದರಿಂದ ಚೆಂಡನ್ನು ಅವನಿಗೇ ಕೊಡಿ" ಎಂಬ ವಾದ ನ್ಯಾಯವಾಗಿ ಕಾಣುತ್ತದೆ. ಅದರಲ್ಲಿರುವ ದೋಷವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು.

ತಂಡಕ್ಕೆ 100 ಎಸೆತಗಳಿವೆ. ಸಾಮಾನ್ಯ ಆಟಗಾರರ ಫಲ ಎಸೆತಕ್ಕೆ 1 ಅಂಕ. ತಾರೆಯ ಫಲವಾದರೋ ಆತ ಎಷ್ಟು ಎಸೆಯುತ್ತಾನೆ ಎಂಬುದನ್ನು ಅವಲಂಬಿಸಿದೆ. ಕಡಿಮೆ ಎಸೆದರೆ ಒಳ್ಳೆಯ ಅವಕಾಶಗಳನ್ನೇ ಆರಿಸಿಕೊಳ್ಳಬಹುದು; ಹೆಚ್ಚು ಎಸೆದರೆ ದಣಿವುಂಟು, ಕಾದು ಕುಳಿತ ಎದುರಾಳಿಗಳುಂಟು. ಆತ n ಎಸೆತಗಳನ್ನು ಎಸೆದಾಗ ಎಸೆತವೊಂದರ ಫಲ 1.30 − 0.01n ಎಂದಿರಲಿ.

ಆತನಿಗೆ 30 ಎಸೆತಗಳನ್ನು ಕೊಟ್ಟರೆ ಆತನ ಸರಾಸರಿ 1.00. ತಂಡದ ಮೊತ್ತ 100 ಅಂಕ. ಎಂದರೆ, ಅಂಥ ಆಟಗಾರನಿದ್ದೂ ತಂಡಕ್ಕೆ ಕಾಸಿನ ಲಾಭವೂ ಇಲ್ಲ! 15 ಎಸೆತಗಳನ್ನು ಮಾತ್ರ ಕೊಟ್ಟರೆ ಆತನ ಸರಾಸರಿ 1.15, ಗಳಿಕೆ 17.25; ಉಳಿದವರ 85 ಸೇರಿ ಮೊತ್ತ 102.25. ಇದೇ ಗರಿಷ್ಠ. ಕಾಲೇಜಿನ ವಿದ್ಯಾರ್ಥಿಗಳು 100 + 0.30n − 0.01n² ಎಂಬುದರ ಅವಕಲನವನ್ನು ಸೊನ್ನೆಗೆ ಸಮಮಾಡಿ ಇದನ್ನು ಪರೀಕ್ಷಿಸಬಹುದು. ಪ್ರೌಢಶಾಲೆಯವರು ಹೀಗೆ ನೋಡಲಿ: 29 ಎಸೆತಗಳಿಂದ ತಾರೆ ಗಳಿಸುವುದು 29.29; 30ರಿಂದ 30.00. ಮೂವತ್ತನೆಯ ಎಸೆತ ಕೂಡಿಸಿದ್ದು 0.71 ಮಾತ್ರ. ಅದನ್ನೇ ಬೇರೊಬ್ಬನಿಗೆ ಕೊಟ್ಟಿದ್ದರೆ 1 ಅಂಕ ಬರುತ್ತಿತ್ತು. ಆದಕಾರಣ ಹೋಲಿಸಬೇಕಾದದ್ದು ಸರಾಸರಿಗಳನ್ನಲ್ಲ, ಕೊನೆಯ ಎಸೆತಗಳ ಬೆಲೆಯನ್ನು.

ವಯಸ್ಸು ಈ ರೇಖೆಯನ್ನು ಕೆಳಕ್ಕೆ ಸರಿಸುತ್ತದೆ. ಫಲ 1.20 − 0.01n ಆಯಿತೆನ್ನೋಣ. ಹಳೆಯ ಅಭ್ಯಾಸದಂತೆ 30 ಎಸೆತಗಳನ್ನು ಕೊಟ್ಟರೆ ತಂಡದ ಮೊತ್ತ 97ಕ್ಕೆ ಕುಸಿಯುವುದು. 10 ಕೊಟ್ಟರೆ 101 ಆಗುವುದು. ಅದೇ ಆಟಗಾರ ಒಂದು ಹಂಚಿಕೆಯಲ್ಲಿ ಹೊರೆ, ಇನ್ನೊಂದರಲ್ಲಿ ಆಸ್ತಿ. ಇಲ್ಲಿ ಗಮನಿಸಬೇಕಾದುದು, ಲಾಭದಾಯಕವಾದ ಆ ಸಂಖ್ಯೆ ಸೊನ್ನೆಯಲ್ಲ ಎಂಬುದು. ಮುದುಕನಾದನೆಂದು ಅವನನ್ನು ಹೊರಗಟ್ಟುವುದೂ ತಪ್ಪು ಲೆಕ್ಕವೇ.

ಹಾದಿಯ ಹೋಲಿಕೆ

ಈ ವಿಷಯವನ್ನು 2010ರಲ್ಲಿ ಅಮೆರಿಕದ ಬ್ರಿಯಾನ್ ಸ್ಕಿನ್ನರ್ ಎಂಬ ಭೌತವಿಜ್ಞಾನಿ ವಾಹನ ಸಂಚಾರದ ಸಿದ್ಧಾಂತದಿಂದ ವಿವರಿಸಿದರು. ಊರಿಗೆ ಎರಡು ದಾರಿಗಳಿವೆ ಎನ್ನೋಣ. ಹೆದ್ದಾರಿಯಲ್ಲಿ ಯಾವಾಗಲೂ 20 ನಿಮಿಷ ಬೇಕು. ಅಡ್ಡದಾರಿಯಲ್ಲಿ ಎಷ್ಟು ಗಾಡಿಗಳಿವೆಯೋ ಅಷ್ಟು ನಿಮಿಷ. 20 ಗಾಡಿಗಳೂ ಹತ್ತಿರದ ದಾರಿಯೆಂದು ಅಡ್ಡದಾರಿಗೆ ನುಗ್ಗಿದರೆ ಎಲ್ಲರಿಗೂ 20 ನಿಮಿಷ ಹಿಡಿಯುವುದು. ಹತ್ತು ಅಲ್ಲಿ, ಹತ್ತು ಇಲ್ಲಿ ಹೋದರೆ ಸರಾಸರಿ 15 ನಿಮಿಷ. ತಾರೆಯೇ ಈ ಅಡ್ಡದಾರಿ. ಪ್ರತಿಯೊಂದು ಸಲವೂ ಉತ್ತಮವೆಂದು ತೋರಿದ ದಾರಿಯನ್ನೇ ಹಿಡಿಯುವ ತಂಡ ಒಟ್ಟಿನಲ್ಲಿ ಉತ್ತಮವಾದುದನ್ನು ಕಳೆದುಕೊಳ್ಳುತ್ತದೆ.

ಆದರೆ ನಮ್ಮ ಸೂತ್ರ ಒಂದು ಅಂಶವನ್ನು ಬಿಟ್ಟಿದೆ. ಹೆಸರಾಂತ ಎಸೆತಗಾರನ ಮೇಲೆ ಇಬ್ಬರು ಕಾವಲು ನಿಂತರೆ ಅವನ ಜೊತೆಗಾರರಲ್ಲಿ ಒಬ್ಬನಿಗೆ ಬಯಲು ದೊರೆಯುತ್ತದೆ. ಆಗ ಉಳಿದವರ ಫಲವೂ ಏರುತ್ತದೆ. ಇದು ನಿಜವಾದ ಲಾಭ. ಆದರೆ ಇದು ದೊರೆಯುವುದು ಆತ ಚೆಂಡನ್ನು ಜೊತೆಗಾರನಿಗೆ ದಾಟಿಸಿದಾಗ, ಇಬ್ಬರ ತಲೆಯ ಮೇಲಿಂದ ತಾನೇ ಎಸೆದಾಗಲ್ಲ.

ಮೂರು ತಂಡಗಳು

ಲೇಕರ್ಸ್ ತಂಡವೇ ಹಿಂದೊಮ್ಮೆ ಈ ಪ್ರಶ್ನೆಯನ್ನು ಎದುರಿಸಿತ್ತು. 1947ರಲ್ಲಿ ಹುಟ್ಟಿದ ಕರೀಂ ಅಬ್ದುಲ್ ಜಬ್ಬಾರ್ 1985ರ ಅಂತಿಮ ಸರಣಿಯ ಶ್ರೇಷ್ಠ ಆಟಗಾರನೆನಿಸಿದಾಗ ಆತನಿಗೆ 38 ವರ್ಷ. ಆತ 218 ಸೆಂಟಿಮೀಟರ್ ಎತ್ತರದವನು. ಆತನ ಪ್ರಸಿದ್ಧ ಎಸೆತ, ಪಕ್ಕಕ್ಕೆ ತಿರುಗಿ ಚಾಚಿದ ತೋಳಿನ ತುದಿಯಿಂದ ತಲೆಯ ಮೇಲೆ ಹಾಯಿಸುವಂಥದು. ವಯಸ್ಸು ಜಿಗಿತವನ್ನು ಕಸಿದುಕೊಳ್ಳುವುದೇ ಹೊರತು ನಿಲುವನ್ನೂ ತೋಳಿನ ಉದ್ದವನ್ನೂ ಅಲ್ಲ. ಆದರೂ 1986-87ರಲ್ಲಿ ತರಬೇತುದಾರ ಪ್ಯಾಟ್ ರೈಲಿ ಆಟದ ಭಾರವನ್ನು 27 ವರ್ಷದ ಮ್ಯಾಜಿಕ್ ಜಾನ್ಸನ್ನನಿಗೆ ವಹಿಸಿದನು. ಜಾನ್ಸನ್ ಪಂದ್ಯಕ್ಕೆ 23.9 ಅಂಕ, ಜಬ್ಬಾರ್ 17.5. ತಂಡ 1987ರಲ್ಲಿಯೂ 1988ರಲ್ಲಿಯೂ ಪ್ರಶಸ್ತಿ ಗಳಿಸಿತು. 1988ರ ಅಂತಿಮ ಸರಣಿಯ ಆರನೆಯ ಪಂದ್ಯವನ್ನು 103-102ರಿಂದ ಉಳಿಸಿಕೊಟ್ಟ ಕೊನೆಯ ಎರಡು ಫ್ರೀ ಥ್ರೋಗಳು 41 ವರ್ಷದ ಜಬ್ಬಾರನವೇ!

ಸಾನ್ ಆಂಟೋನಿಯೊ ತಂಡದ ಟಿಮ್ ಡಂಕನ್ 2014ರಲ್ಲಿ, 38ನೆಯ ವಯಸ್ಸಿನಲ್ಲಿ, ಐದನೆಯ ಪ್ರಶಸ್ತಿಯನ್ನು ಗೆದ್ದನು. ಆ ಸಾಲಿನಲ್ಲಿ ಆ ತಂಡದ ಯಾವ ಆಟಗಾರನೂ ಪಂದ್ಯಕ್ಕೆ ಸರಾಸರಿ 30 ನಿಮಿಷ ಆಡಲಿಲ್ಲ. ಡಂಕನ್ ಮೊದಲೇ ತನ್ನ ಸಂಬಳವನ್ನು ಇಳಿಸಿಕೊಂಡಿದ್ದನು. ಅಂತಿಮ ಸರಣಿಯ ಶ್ರೇಷ್ಠ ಆಟಗಾರ 22 ವರ್ಷದ ಕವಾಯ್ ಲೆನರ್ಡ್.

ಇದಕ್ಕೆ ಎದುರಾದ ಉದಾಹರಣೆ 2011ರ ಡಲ್ಲಾಸ್ ತಂಡ. ಅಲ್ಲಿ 32 ವರ್ಷ ತುಂಬಿದ ಡರ್ಕ್ ನೊವಿಟ್ಸ್ಕಿಯನ್ನೇ ನಡುಗಂಬವಾಗಿಟ್ಟು ಆಡಿ ಪ್ರಶಸ್ತಿ ಗೆದ್ದರು. 213 ಸೆಂಟಿಮೀಟರ್ ಎತ್ತರದಿಂದ ಹಿಂದಕ್ಕೆ ಬಾಗಿ ಎಸೆಯುವ ಆತನ ಎಸೆತವೂ ಜಿಗಿತವನ್ನು ಹೆಚ್ಚಾಗಿ ನೆಚ್ಚಿದ್ದಲ್ಲ. ವಯಸ್ಸಿನ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸುವುದು ಸಲ್ಲದೆಂಬುದನ್ನು ಇದು ತೋರಿಸುತ್ತದೆ.

ಹಾಗಾದರೆ ತೀರ್ಮಾನವೇನು?

ಹಣದ ಮಾತನ್ನೂ ಮರೆಯುವಂತಿಲ್ಲ. 2013ರ ನವೆಂಬರಿನಲ್ಲಿ, ಬ್ರಯಂಟ್ ಗಾಯದಿಂದ ಮರಳಿ ಆಡುವ ಮೊದಲೇ, ಲೇಕರ್ಸ್ ಆತನೊಡನೆ ಎರಡು ವರ್ಷಗಳಿಗೆ 4 ಕೋಟಿ 85 ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡಿತು. ತಂಡವೊಂದು ಆಟಗಾರರಿಗೆ ಕೊಡಬಹುದಾದ ಸಂಬಳಕ್ಕೆ ಅಲ್ಲಿ ಮಿತಿಯುಂಟು. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಅದನ್ನು ಮೀರುವಂತಿಲ್ಲ. 2014-15ರಲ್ಲಿ ಈ ಮಿತಿಯ ನೂರಕ್ಕೆ 37ರಷ್ಟು ಬ್ರಯಂಟ್ ಒಬ್ಬನಿಗೇ ಹೋಯಿತು. ಮೂರು ಸಾಲುಗಳಲ್ಲಿ ತಂಡದ ಗೆಲುವುಗಳು 27, 21, 17. ಇದಕ್ಕೆಲ್ಲ ಆತನೊಬ್ಬನೇ ಕಾರಣನೆಂದರೆ ಅನ್ಯಾಯ. ಮೊದಲನೆಯ ಸಾಲಿನಲ್ಲಿ ಆತ ಆಡಿದ್ದೇ ಆರು ಪಂದ್ಯ. ಆದರೆ ಆತ ಹಿಂದೆ ಮಾಡಿದ್ದಕ್ಕೆ ಸಲ್ಲಬೇಕಾದ ಕೃತಜ್ಞತೆಯನ್ನು ಮುಂದೆ ಮಾಡಬಲ್ಲದ್ದರ ಬೆಲೆಯೊಡನೆ ಬೆರೆಸಿದುದು ನಿಜ. ಅದರ ಭಾರ ಬಿದ್ದದ್ದು, ತಪ್ಪುಮಾಡಿ ಕಲಿಯಲು ಚೆಂಡು ಬೇಕಾಗಿದ್ದ ಕಿರಿಯ ಆಟಗಾರರ ಮೇಲೆ.

ಆದುದರಿಂದ ವಯಸ್ಸಾದ ತಾರೆಯ ಸುತ್ತ ತಂಡ ಕಟ್ಟುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಅವನ ಕೊನೆಯ ಎಸೆತದ ಬೆಲೆ ಜೊತೆಗಾರರ ಎಸೆತದ ಬೆಲೆಗೆ ಕಡಿಮೆಯಿಲ್ಲವೆ? ಅವನ ಕೌಶಲ ವಯಸ್ಸು ಕಸಿಯಲಾರದ ಗುಣಗಳನ್ನು ನೆಚ್ಚಿದೆಯೆ? ಅವನಿಗೆ ಕೊಡುವ ಹಣವೂ ಆಟದ ಕಾಲವೂ ಇತರರಿಗೆ ಎಡೆಯುಳಿಸುವುವೆ? ಮೂರಕ್ಕೂ ಹೌದೆಂಬ ಉತ್ತರ ಅಪರೂಪ. ಇಲ್ಲವೆಂದಾದಲ್ಲಿ ಅವನ ಸುತ್ತ ಕಟ್ಟುವುದರ ಬದಲು ಅವನನ್ನು ಸೇರಿಸಿಕೊಂಡು ಕಟ್ಟುವುದೇ ಸರಿಯಾದ ದಾರಿ.

ನಿಮ್ಮ ಕಾಲೇಜಿನ ತಂಡದಲ್ಲಿಯೂ ಇದನ್ನು ಪರೀಕ್ಷಿಸಬಹುದು. ಒಂದು ಪುಸ್ತಕದಲ್ಲಿ ಪ್ರತಿ ಪಂದ್ಯದ ತರುವಾಯ ಪ್ರತಿಯೊಬ್ಬನ ಎಸೆತಗಳನ್ನೂ ಫ್ರೀ ಥ್ರೋಗಳನ್ನೂ ಅಂಕಗಳನ್ನೂ ಬರೆದಿಡಿ. ಮುಖ್ಯ ಆಟಗಾರ ಹೆಚ್ಚು ಎಸೆದ ಪಂದ್ಯಗಳನ್ನೂ ಕಡಿಮೆ ಎಸೆದ ಪಂದ್ಯಗಳನ್ನೂ ಬೇರ್ಪಡಿಸಿ, ಅವಕಾಶವೊಂದರ ಫಲವನ್ನು ಹೋಲಿಸಿ. ಒಂದು ಎಚ್ಚರಿಕೆ: ಕೈ ಚೆನ್ನಾಗಿ ಓಡುವ ದಿನ ಆಟಗಾರ ತಾನಾಗಿಯೇ ಹೆಚ್ಚು ಎಸೆಯುತ್ತಾನೆ, ಆದುದರಿಂದ ನಾಲ್ಕೈದು ಪಂದ್ಯಗಳಿಂದ ತೀರ್ಮಾನಕ್ಕೆ ಬರಬೇಡಿ, ಇಡೀ ವರ್ಷದ ಲೆಕ್ಕವನ್ನಿಡಿ. ಆ ಪುಸ್ತಕವನ್ನು ಮುಖ್ಯ ಆಟಗಾರನಿಗೇ ಮೊದಲು ತೋರಿಸುವುದು ಒಳ್ಳೆಯದು. ಚೆಂಡನ್ನು ಯಾವಾಗ ಬಿಟ್ಟುಕೊಡಬೇಕೆಂಬುದನ್ನು ಕೊನೆಗೆ ನಿರ್ಧರಿಸುವವನು ಅವನೇ ಅಲ್ಲವೆ?