ಹೂಡಿಕೆಯ ಹಾದಿಯ ವಲಸೆಗಾರರು

ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಕಥೆಯನ್ನು ನಾವೆಲ್ಲ ಬಲ್ಲೆವು. ಕೈತುಂಬ ಹಣವಿದ್ದೂ ಊರು ಬಿಡುವವರ ಕಥೆ ಅಷ್ಟು ಪರಿಚಿತವಾದುದಲ್ಲ. ಬಂಡವಾಳ ತೊಡಗಿಸುವ ವಿದೇಶೀಯರಿಗೆ ಕಾಯಂ ನೆಲಸುವ ಹಕ್ಕನ್ನು ನೀಡುವ ಯೋಜನೆಗಳು ಹಲವು ರಾಷ್ಟ್ರಗಳಲ್ಲಿ ನಡೆದುಬಂದಿವೆ. ಆ ಅರ್ಜಿದಾರರು ಎಲ್ಲಿಯವರು, ಅವರ ಪ್ರಮಾಣ ಕಾಲಕಾಲಕ್ಕೆ ಏಕೆ ವ್ಯತ್ಯಾಸಗೊಳ್ಳುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಮಕ್ಕಳು ಹೊರನಾಡಿನಲ್ಲಿರುವ ಮನೆಗಳು ನಮ್ಮ ವಾಚಕರಲ್ಲಿಯೂ ಇರುವುದರಿಂದ ವಿಷಯವು ನಮಗೆ ತೀರ ದೂರದ್ದಲ್ಲ.

ಕೆನಡ ದೇಶವು ಇಂತಹ ಯೋಜನೆಯೊಂದನ್ನು ೧೯೮೬ರಲ್ಲಿ ಆರಂಭಿಸಿತು. ೧೯೮೪ರ ಒಪ್ಪಂದದ ಮೇರೆಗೆ ಹಾಂಗ್‌ಕಾಂಗ್ ೧೯೯೭ರಲ್ಲಿ ಚೀನದ ವಶವಾಗಬೇಕಾಗಿತ್ತು. ೧೯೮೯ರ ಟಿಯನಾನ್ಮೆನ್ ಘಟನೆಯು ಅಲ್ಲಿಯ ವರ್ತಕರ ಆತಂಕವನ್ನು ಇಮ್ಮಡಿಸಿತು. ಆ ವರ್ಷಗಳಲ್ಲಿ ಕೆನಡಕ್ಕೆ ಹೊರಟ ಹೂಡಿಕೆದಾರರಲ್ಲಿ ಹಾಂಗ್‌ಕಾಂಗಿನವರೇ ಮುಂದಾಗಿದ್ದರು. ಹಸ್ತಾಂತರವು ಶಾಂತವಾಗಿ ನಡೆದ ಮೇಲೆ ಅವರ ಸಂಖ್ಯೆ ಇಳಿಯಿತು. ಚೀನದ ಮುಖ್ಯಭೂಮಿಯವರ ಸಂಖ್ಯೆ ಏರಿತು. ಕೆನಡವು ೨೦೧೪ರಲ್ಲಿ ಆ ಯೋಜನೆಯನ್ನೇ ಮುಚ್ಚಿತು. ಸಿರಿತನವೊಂದೇ ಜನರನ್ನು ಹೊರಡಿಸುವುದಿಲ್ಲ. ನಾಳೆಯ ಅಂಜಿಕೆಯೂ ಹೊರಡಿಸುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅಮೆರಿಕ ಸಂಯುಕ್ತ ಸಂಸ್ಥಾನವು ೧೯೯೦ರ ಕಾಯಿದೆಯಿಂದ ಇ.ಬಿ.-೫ ಎಂಬ ವರ್ಗವನ್ನು ಏರ್ಪಡಿಸಿತು. ಹತ್ತು ಲಕ್ಷ ಡಾಲರುಗಳನ್ನು, ಹಿಂದುಳಿದ ಪ್ರದೇಶವಾದರೆ ಐದು ಲಕ್ಷವನ್ನು, ಹೂಡಿ ಹತ್ತು ಜನರಿಗೆ ಉದ್ಯೋಗ ಕಲ್ಪಿಸಬೇಕೆಂಬುದು ಅದರ ನಿಬಂಧನೆಯಾಗಿತ್ತು. ೨೦೨೨ರ ಸುಧಾರಣಾ ಕಾಯಿದೆಯು ಈ ಮೊತ್ತಗಳನ್ನು ಕ್ರಮವಾಗಿ ೧೦,೫೦,೦೦೦ ಮತ್ತು ೮,೦೦,೦೦೦ ಡಾಲರುಗಳಿಗೆ ಏರಿಸಿತು. ವರ್ಷಕ್ಕೆ ಸುಮಾರು ಹತ್ತು ಸಾವಿರ ವೀಸಾಗಳು. ಮಡದಿ ಮಕ್ಕಳೂ ಈ ಎಣಿಕೆಗೆ ಸೇರುತ್ತಾರೆ.

ಯಾವುದೇ ಒಂದು ದೇಶಕ್ಕೆ ನೂರಕ್ಕೆ ಏಳರಷ್ಟು ಮಾತ್ರವೆಂದು ನಿಯಮವಿದೆ. ಹಾಗಿದ್ದರೂ ೨೦೧೪ರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ವೀಸಾಗಳು ಚೀನೀಯರ ಪಾಲಾದುವು. ಇದು ಹೇಗೆ? ಇತರರು ಕೇಳದೆ ಉಳಿದವು ಸರದಿಯಲ್ಲಿ ಮುಂದಿರುವವರಿಗೆ ಸಲ್ಲುತ್ತವೆ. ಸರದಿಯಲ್ಲಿದ್ದವರು ಬಹುಮಟ್ಟಿಗೆ ಚೀನೀಯರೇ. ಬೇಡಿಕೆ ಇನ್ನೂ ಬೆಳೆದು ೨೦೧೫ರಲ್ಲಿ ಚೀನೀಯರಿಗೆ ಕಾಯುವ ದಿನಾಂಕ ಗೊತ್ತುಪಡಿಸಲಾಯಿತು. ಮುಂದೆ ೨೦೧೮ರಲ್ಲಿ ವಿಯೆಟ್ನಾಮಿಗೂ ೨೦೧೯ರಲ್ಲಿ ಭಾರತಕ್ಕೂ ಅದೇ ಗತಿಯಾಯಿತು. ಇತರ ದೇಶದವರು ತಮ್ಮ ಪಾಲನ್ನು ಕೇಳತೊಡಗಿದಂತೆ ಚೀನೀಯರಿಗೆ ದೊರೆಯುತ್ತಿದ್ದ ಹೆಚ್ಚಳ ಕರಗಿತು.

ಭಾರತೀಯರ ಸಂಗತಿ ಬೇರೆ. ಇವರಲ್ಲಿ ಅನೇಕರು ಆಗಲೇ ಅಮೆರಿಕದಲ್ಲಿ ಉದ್ಯೋಗದಲ್ಲಿರುವವರು. ಉದ್ಯೋಗದ ಮೂಲಕ ಕಾಯಂ ವಾಸ ಬಯಸುವ ಭಾರತೀಯರ ಸರದಿ ಹಲವು ವರ್ಷಗಳಷ್ಟು ಉದ್ದವಾಗಿದೆ. ಅಷ್ಟರಲ್ಲಿ ಮಗುವಿಗೆ ಇಪ್ಪತ್ತೊಂದು ತುಂಬಿದರೆ ಅದು ತಂದೆಯ ಅರ್ಜಿಯಿಂದ ಕಳಚಿಬೀಳುವ ಭಯವುಂಟು. ಅಲ್ಲಿಯೇ ಆಡಿ ಬೆಳೆದ ಮಗು ಪರಕೀಯವಾಗುವ ಈ ಸಂಕಟವೇ ಹಲವರನ್ನು ಹೂಡಿಕೆಯ ಹಾದಿಗೆ ದೂಡಿದೆ. ಇಲ್ಲಿ ಲೆಕ್ಕಕ್ಕೆ ಬರುವುದು ಪೌರತ್ವವಲ್ಲ, ಹುಟ್ಟಿದ ನೆಲ: ಧಾರವಾಡದಲ್ಲಿ ಹುಟ್ಟಿದವನು ಬೇರೆ ದೇಶದ ಪ್ರಜೆಯಾದರೂ ಸಾಮಾನ್ಯವಾಗಿ ಭಾರತದ ಸರದಿಯಲ್ಲಿಯೇ ನಿಲ್ಲಬೇಕು. ಹಣ ಕಳುಹಿಸುವುದಕ್ಕೂ ಮಿತಿಯಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಭಾರತದಲ್ಲಿ ನೆಲಸಿರುವ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರುಗಳನ್ನು ಮಾತ್ರ ಹೊರಗೆ ಕಳುಹಿಸಬಹುದು. ಗಂಡಹೆಂಡಿರು ಸೇರಿದರೂ ಎಂಟು ಲಕ್ಷಕ್ಕೆ ಎರಡು ಹಣಕಾಸು ವರ್ಷಗಳು ಬೇಕು.

ಹಣ ತೊಡಗಿಸಿದ ಮಾತ್ರಕ್ಕೆ ಎಲ್ಲವೂ ಸುಗಮವೆಂದಲ್ಲ. ವರ್ಮಾಂಟ್ ಪ್ರಾಂತದ ಜೇ ಪೀಕ್ ಯೋಜನೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ದೇಶಗಳ ಜನರು ಹಣ ಹೂಡಿದ್ದರು. ಅದರಲ್ಲಿ ಇಪ್ಪತ್ತು ಕೋಟಿ ಡಾಲರುಗಳಷ್ಟು ದುರುಪಯೋಗವಾಯಿತೆಂದು ಅಲ್ಲಿಯ ಷೇರು ನಿಯಂತ್ರಣ ಆಯೋಗವು ೨೦೧೬ರಲ್ಲಿ ಆರೋಪಿಸಿತು. ಪ್ರವರ್ತಕರು ಮುಂದೆ ತಪ್ಪೊಪ್ಪಿ ಸೆರೆಮನೆ ಕಂಡರು. ಬೇಲಿಯೇ ಎದ್ದು ಹೊಲ ಮೇದಂತಾಯಿತು.

ಆದುದರಿಂದ ಅರ್ಜಿದಾರರ ಪಟ್ಟಿಯನ್ನು ಸಿರಿವಂತ ದೇಶಗಳ ಪಟ್ಟಿಯೆಂದು ಓದಬಾರದು. ತಾಯ್ನಾಡಿನ ಅನಿಶ್ಚಿತತೆ, ಮಕ್ಕಳ ಭವಿಷ್ಯ, ಸರದಿಯ ನಿಯಮ, ಈ ಮೂರೂ ಸೇರಿ ಅದನ್ನು ಬರೆಯುತ್ತವೆ. ಬಂದವನು ಹತ್ತು ಜನರಿಗೆ ಕೆಲಸ ಒದಗಿಸಲೆಂದು ಆ ದೇಶದ ಕಾನೂನು ಕಟ್ಟಳೆ ಹಾಕಿದೆ. ಕಾಯಕ ದಾಸೋಹಗಳ ಪರಂಪರೆಯಲ್ಲಿ ಬೆಳೆದವರು ಎಲ್ಲಿ ನೆಲಸಿದರೂ ಅದನ್ನು ಕಟ್ಟಳೆಯಿಲ್ಲದೆಯೇ ನಡೆಸಬಲ್ಲರು. ನಡೆಸಲೆಂಬುದೇ ನಮ್ಮ ಹಾರೈಕೆ.